ಪಿಲ್ಲರ್‌ಗೆ ಫೈಬರ್ ಸುತ್ತುವ ಕೆಲಸ: ಮೂಲೆಯಲ್ಲೇ ಎಲ್ಲ ಇದೆ

ಭಾರ ಹೆಚ್ಚಾದಾಗ ಪಿಲ್ಲರ್‌ನ ಕಾಂಕ್ರೀಟ್ ಪಕ್ಕಕ್ಕೆ ಉಬ್ಬಲು ನೋಡುತ್ತದೆ. ಎಪಾಕ್ಸಿ ಎಂಬ ಅಂಟಿನಿಂದ ಸುತ್ತಿದ ಫೈಬರ್ ಬಟ್ಟೆ (ಗಾಜಿನ ಅಥವಾ ಕಾರ್ಬನ್ ಎಳೆಯದ್ದು) ಆ ಉಬ್ಬನ್ನು ತಡೆಯುತ್ತದೆ. ದುಂಡು ಪಿಲ್ಲರ್‌ನಲ್ಲಿ ಹಿಡಿತ ಸುತ್ತಲೂ ಸಮ. ಚೌಕದಲ್ಲಿ ಅದು ಮೂಲೆಗಳಲ್ಲಿ ಸೇರಿಕೊಂಡು, ಚಪ್ಪಟೆ ಬದಿಯ ನಡುವೆ ಸಡಿಲವಾಗುತ್ತದೆ. ಉದ್ದದ ಬದಿ ಗಿಡ್ಡ ಬದಿಯ ಎರಡರಷ್ಟಕ್ಕಿಂತ ಹೆಚ್ಚಿದ್ದರೆ, ಅಥವಾ 900 ಮಿ.ಮೀ. ದಾಟಿದ್ದರೆ ನಾನು ಫೈಬರ್ ಬಿಟ್ಟು ಕಾಂಕ್ರೀಟ್ ಜಾಕೆಟ್ (ಪಿಲ್ಲರ್ ಸುತ್ತ ಹೊಸ ಕಾಂಕ್ರೀಟ್ ಪದರ) ಕಡೆಗೇ ಹೋಗುತ್ತೇನೆ.

ಇಲ್ಲಿನ ಲೆಕ್ಕ 300×450 ಮಿ.ಮೀ. ಅಳತೆಯ, 3 ಮೀಟರ್ ಎತ್ತರದ ಪಿಲ್ಲರ್‌ಗೆ ಚದರ ಮೀಟರಿಗೆ 900 ಗ್ರಾಂ ತೂಕದ ಗಾಜಿನ ಫೈಬರ್ ಎರಡು ಸುತ್ತು ಹಾಕಿದ್ದು.

ಮೊದಲು ಗಾರೆ ಪೂರ್ತಿ ಕೀಳಬೇಕು. ಒಳಗೆ ಕಂಬಿ ತುಕ್ಕು ಹಿಡಿದಿದ್ದರೆ ಹಾಗೆಯೇ ಸುತ್ತುವ ಮಾತೇ ಬೇಡ: ತುಕ್ಕು ಊದುತ್ತಲೇ ಹೋಗುತ್ತದೆ, ಬಟ್ಟೆ ಅದನ್ನು ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ ಅಷ್ಟೆ. ಸಡಿಲ ಕಾಂಕ್ರೀಟ್ ಒಡೆದು, ಕಂಬಿಯ ಹಿಂಬದಿಯವರೆಗೂ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಗಾರೆಯಿಂದ ತುಂಬಿ, ಅದು ಗಟ್ಟಿಯಾಗಿ ಒಣಗುವವರೆಗೆ ಕಾಯುತ್ತೇವೆ.

ಆಮೇಲೆ ಮೂಲೆಯನ್ನು ಗ್ರೈಂಡರ್‌ನಲ್ಲಿ ದುಂಡಾಗಿಸುವುದು. 13 ಮಿ.ಮೀ. ತ್ರಿಜ್ಯ ಕನಿಷ್ಠ, ನಾವು 25 ಇಡುತ್ತೇವೆ. ರಟ್ಟಿನಲ್ಲಿ ಕಾಲುವೃತ್ತ ಕತ್ತರಿಸಿ, ಅಡಿಯಿಂದ ತುದಿವರೆಗೆ ಮೂಲೆಗೆ ಹಿಡಿದು ನೋಡುವುದು ರೂಢಿ. ಚೂಪು ಮೂಲೆಯಲ್ಲಿ ಎಳೆಗಳು ಬಾಗುವ ಜಾಗದಲ್ಲೇ ತುಂಡಾಗುತ್ತವೆ, ಎಷ್ಟು ಪದರ ಹಾಕಿದರೂ ಅಷ್ಟೇ. ಗ್ರೈಂಡರ್ ಹಿಡಿದವನಿಗೆ ಆತುರ ಮಾಡಬೇಡಿ. ನಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಇಲ್ಲೇ ಹೋಗುತ್ತದೆ, ಹೋಗಬೇಕು.

ಧೂಳು ಊದಿ ತೆಗೆದು ಪ್ರೈಮರ್, ಗುಳಿಗಳಿಗೆ ಎಪಾಕ್ಸಿ ಪುಟ್ಟಿ. ಮೇಲ್ಮೈ ಒಣಗಿರಬೇಕು, ಅದರ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) 3 ಡಿಗ್ರಿಯಾದರೂ ಮೇಲಿರಬೇಕು. ಮಳೆಗಾಲದ ಬೆಳಗ್ಗೆ ಇದನ್ನು ಮರೆತರೆ ಎಪಾಕ್ಸಿ ಬಿಳಿಚಿ ಅಂಟಂಟಾಗಿ ಉಳಿಯುತ್ತದೆ.

ಮೂಲೆ ದುಂಡಾದ ಮೇಲೆ ಸುತ್ತಳತೆ 1.46 ಮೀ. ಎರಡು ಸುತ್ತು, ಜೊತೆಗೆ 200 ಮಿ.ಮೀ. ಓವರ್‌ಲ್ಯಾಪ್: ಒಂದು ಪಟ್ಟಿ 3.12 ಮೀ. ಬಟ್ಟೆಯ ಅಗಲ ಅರ್ಧ ಮೀಟರ್ ಆದ್ದರಿಂದ ಆರು ಪಟ್ಟಿ, ಸುಮಾರು 9.4 ಚದರ ಮೀಟರ್. ಎಪಾಕ್ಸಿ ಬಟ್ಟೆಯ ತೂಕದಷ್ಟೇ, ಅಂದರೆ ಎಂಟೂವರೆ ಕೆ.ಜಿ. ಆಸುಪಾಸು, ಪ್ರೈಮರ್, ಪುಟ್ಟಿ ಬೇರೆ. ಎಪಾಕ್ಸಿಯನ್ನು ಗಟ್ಟಿಯಾಗಿಸುವ ಹಾರ್ಡನರ್ ಅನ್ನು ತೂಕದ ಯಂತ್ರದಲ್ಲೇ ಅಳೆಯಿರಿ. ಬಿಸಿಲಿನಲ್ಲಿ ಇಡೀ ಡಬ್ಬ ಒಮ್ಮೆಲೇ ಕಲಸಿದರೆ ಅದು ಕಾದು ಅಲ್ಲೇ ಗಟ್ಟಿಯಾಗುತ್ತದೆ. ಎರಡು ಕೆ.ಜಿ.ಯಂತೆ ಕಲಸಿ ಅಗಲ ತಟ್ಟೆಗೆ ಸುರಿದುಕೊಳ್ಳುತ್ತೇವೆ.

ಎಳೆಗಳು ಅಡ್ಡಡ್ಡವಾಗಿ ಬರುವಂತೆ ಸುತ್ತಿ, ಉಕ್ಕಿನ ಗೀರು ರೋಲರನ್ನು ಎಳೆಯ ದಿಕ್ಕಿನಲ್ಲೇ ಒತ್ತಿ ಗಾಳಿ ಹೊರಡಿಸಬೇಕು. ಓವರ್‌ಲ್ಯಾಪ್‌ಗಳನ್ನು ಒಂದೇ ಮುಖಕ್ಕೆ ತರದೆ ಬೇರೆ ಬೇರೆ ಮುಖಗಳಿಗೆ ಹಂಚುತ್ತೇವೆ. ಮೇಲೆ ಬೀಮಿಗೂ ಕೆಳಗೆ ನೆಲಕ್ಕೂ 20 ಮಿ.ಮೀ. ಸಂದು ಬಿಡಿ, ಬಟ್ಟೆ ನೇರ ಭಾರ ಹೊರಬಾರದು. ಕಾರ್ಬನ್ ಫೈಬರ್ ಆದರೆ ತೆರೆದ ಕಂಬಿಗೆ ತಾಗದಂತೆ ಅಡಿಯಲ್ಲಿ ಒಂದು ಗಾಜಿನ ಪದರ ಬೇಕು, ಇಲ್ಲದಿದ್ದರೆ ಉಕ್ಕು ಬೇಗ ತುಕ್ಕಾಗುತ್ತದೆ. ಕೊನೆಯ ಕೋಟ್ ಅಂಟಾಗಿರುವಾಗಲೇ ಒಣ ಮರಳು ಎರಚಿದರೆ ಗಾರೆ ಹಿಡಿಯುತ್ತದೆ.

ಗಟ್ಟಿಯಾದ ಮೇಲೆ ನಾಣ್ಯದಿಂದ ತಟ್ಟಿ ಟೊಳ್ಳು ಹುಡುಕಿ ಸೀಮೆಸುಣ್ಣದಲ್ಲಿ ಗುರುತಿಸಿ. ಬೆರಳಗಲದ್ದು ಒಂದೆರಡಿದ್ದರೆ ಬಿಡಬಹುದು. ಅಂಗೈಯಷ್ಟಿದ್ದರೆ ಸೂಜಿಯಲ್ಲಿ ಎಪಾಕ್ಸಿ ತುಂಬಬೇಕು. ಅದಕ್ಕೂ ದೊಡ್ಡದಾದರೆ ಕತ್ತರಿಸಿ, ಅಷ್ಟೇ ಪದರಗಳ ತೇಪೆ ಹಾಕಬೇಕು.

ಬೆಂಕಿಯ ವಿಷಯ ವಿನ್ಯಾಸದಲ್ಲೇ ಮುಗಿಸಿರಬೇಕು. ಸಾಮಾನ್ಯ ಎಪಾಕ್ಸಿ 60–80 ಡಿಗ್ರಿಯಲ್ಲೇ ಮೆತ್ತಗಾಗುವುದರಿಂದ, ಬಟ್ಟೆ ಇಲ್ಲವೆಂದೇ ಎಣಿಸಿ ಪಿಲ್ಲರ್ ನಿತ್ಯದ ಭಾರ ಹೊರುತ್ತದೆಯೇ ಎಂದು ನೋಡುತ್ತೇವೆ. ಹೊರದಿದ್ದರೆ ಆ ಪಿಲ್ಲರ್‌ಗೆ ಫೈಬರ್ ಸುತ್ತುವುದಿಲ್ಲ.