ಸೋಂಕು ಯಾವ ಬಾಗಿಲಿಂದ ಬರುತ್ತದೆ, ಮೊದಲು ಅದನ್ನು ನೋಡಿ

2020ರಲ್ಲಿ ನಾನು ಮನೆಗೆ ಬಂದ ಪ್ರತಿಯೊಂದು ಪೊಟ್ಟಣವನ್ನೂ ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದೆ. ತರಕಾರಿ, ಬಿಸ್ಕತ್ತಿನ ಪ್ಯಾಕೆಟ್, ಹಾಲಿನ ಡಬ್ಬ, ಯಾವುದನ್ನೂ ಬಿಟ್ಟಿರಲಿಲ್ಲ. ಒಂದು ದಿನ ಔಷಧಿಯ ಬಾಟಲಿಯನ್ನೂ ಹಾಗೇ ಮುಳುಗಿಸಿದೆ. ಚೀಟಿ ಅಳಿಸಿ ಹೋಯಿತು. ಎಷ್ಟು ಚಮಚ, ದಿನಕ್ಕೆ ಎಷ್ಟು ಸಲ, ಒಂದೂ ಗೊತ್ತಾಗಲಿಲ್ಲ. ಇಷ್ಟೆಲ್ಲ ಮಾಡಿದವಳು ಕಿಟಕಿಗಳನ್ನು ಮಾತ್ರ ಗಟ್ಟಿಯಾಗಿ ಮುಚ್ಚಿಟ್ಟಿದ್ದೆ. ಕೊರೋನಾ ಹೊರಗಿಂದ ಗಾಳಿಯಲ್ಲಿ ತೇಲಿ ಬರುತ್ತದೆ ಅಂತ ನನ್ನ ಲೆಕ್ಕ.

ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಆ ಕಾಯಿಲೆ ಹೆಚ್ಚಾಗಿ ಹರಡಿದ್ದು ಒಂದೇ ಕೋಣೆಯಲ್ಲಿ ಕೂತವರ ಉಸಿರಿನಿಂದ. ಪೊಟ್ಟಣದಿಂದ ಅಂಟುವುದು ಬಲು ಅಪರೂಪ. ತೊಳೆಯಲು ಹಾಕಿದ ಶ್ರಮದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಕಿಟಕಿ ತೆಗೆಯಲು ಹಾಕಿದ್ದರೆ ಸಾಕಿತ್ತು. ಅಂದಿನಿಂದ ಯಾವ ಹೊಸ ಜ್ವರದ ಸುದ್ದಿ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಇದು ಯಾವ ಬಾಗಿಲಿಂದ ಬರುತ್ತದೆ?

ಬಾಗಿಲುಗಳು ಬಹಳ ಇಲ್ಲ. ಫ್ಲೂ, ಕೊರೋನಾ, ದಡಾರ ಉಸಿರಿನ ದಾರಿಯವು. ನೊರೋವೈರಸ್, ರೋಟಾವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ, ಇವು ಕೊಳಕು ಕೈ, ನೀರು, ಊಟದ ಮೂಲಕ ಬಾಯಿಗೆ ಹೋಗುವಂಥವು. ಡೆಂಗಿ, ಚಿಕುನ್‌ಗುನ್ಯಾ ಸೊಳ್ಳೆಯವು. ಎಬೋಲಾದಂಥವು ರೋಗಿಯ ರಕ್ತ, ವಾಂತಿ, ಬೆವರು ಮುಟ್ಟಿದರೆ ಬರುವಂಥವು. ಕೆಲವಕ್ಕೆ ಎರಡು ದಾರಿಯೂ ಇರುತ್ತದೆ. ಆದರೂ ದೊಡ್ಡ ಬಾಗಿಲು ಯಾವುದು ಅಂತ ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ. ಡೆಂಗಿ ಹರಡಿದಾಗ ಮಾಸ್ಕ್ ಹಾಕಿಕೊಂಡು ಓಡಾಡಿದವರನ್ನು ನಾನೇ ನೋಡಿದ್ದೇನೆ. ಅಲ್ಲಿ ಬೇಕಾದದ್ದು ಸೊಳ್ಳೆ ಪರದೆ. ಅದೂ ರಾತ್ರಿ ಮಾತ್ರ ಅಲ್ಲ, ಏಕೆಂದರೆ ಆ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ. ಜ್ವರ ಬಂದವರನ್ನೂ ಪರದೆಯೊಳಗೇ ಮಲಗಿಸಬೇಕು. ಅವರನ್ನು ಕಚ್ಚಿದ ಸೊಳ್ಳೆ ಮುಂದೆ ಇನ್ನೊಬ್ಬರಿಗೆ ಕೊಡುತ್ತದೆ, ಅಲ್ವಾ? ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಪಾತ್ರೆಯ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ. ಸುಮ್ನೆ ನೀರು ಬದಲಿಸಿದರೆ ಅದು ಹೋಗುವುದಿಲ್ಲ.

ಉಸಿರಿನ ಕಾಯಿಲೆಗೆ ಒಂದು ಸುಲಭದ ಲೆಕ್ಕವಿದೆ. ಕೋಣೆಯಲ್ಲಿ ಯಾರೋ ಬೀಡಿ ಸೇದುತ್ತಿದ್ದಾರೆ ಅಂದುಕೊಳ್ಳಿ. ಹೊಗೆ ಎಲ್ಲಿ ತುಂಬಿ ನಿಲ್ಲುತ್ತದೋ ಅಲ್ಲಿ ಉಸಿರೂ ನಿಲ್ಲುತ್ತದೆ. ಎದುರುಬದುರು ಎರಡು ಕಿಟಕಿ ತೆಗೆದರೆ ಹೊಗೆ ಓಡಿ ಹೋಗುತ್ತದೆ. ಒಂದೇ ಕಿಟಕಿ ಇದ್ದರೆ ಫ್ಯಾನನ್ನು ಹೊರಮುಖ ಮಾಡಿ ಅದರ ಹತ್ತಿರ ಇಡಿ. ಚಳಿ ಇದ್ದರೆ ಗಂಟೆಗೊಮ್ಮೆ ಹತ್ತು ನಿಮಿಷ ತೆಗೆದರೂ ಆದೀತು. ಏಸಿಯೊಂದನ್ನೇ ನಂಬಬೇಡಿ. ಮನೆಗಳಲ್ಲಿರುವ ಹೆಚ್ಚಿನ ಏಸಿ ಒಳಗಿನ ಗಾಳಿಯನ್ನೇ ಸುತ್ತಿಸಿ ತಣ್ಣಗೆ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ದಡಾರದ ವೈರಸ್ ಅಂತೂ ರೋಗಿ ಎದ್ದು ಹೋದ ಮೇಲೂ 2 ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಅದಕ್ಕೆ ಕಿಟಕಿಗಿಂತ ಲಸಿಕೆಯೇ ಗಟ್ಟಿ. ಮಕ್ಕಳ ಲಸಿಕೆ ಕಾರ್ಡನ್ನು ಇವತ್ತೇ ಹುಡುಕಿಡಿ.

ಮಾಸ್ಕಿನ ವಿಷಯ ಚಿಕ್ಕದು. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಬೇಕು. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮೇಲಿನಿಂದ ಗಾಳಿ ಸೋರುತ್ತಿದೆ ಅಂತ. ಎನ್95 ಎಷ್ಟೇ ಒಳ್ಳೆಯದಾದರೂ ಗಲ್ಲಕ್ಕೆ ಇಳಿಸಿಕೊಂಡರೆ ಅದು ಗಡ್ಡದ ಚೀಲ. ರೋಗಿಯೂ ಹಾಕಲಿ, ನೋಡಿಕೊಳ್ಳುವವರೂ ಹಾಕಲಿ.

ಕೈ ತೊಳೆಯುವುದನ್ನು ಎಲ್ಲರೂ ಹೇಳುತ್ತಾರೆ, ಏಕೆ ಅಂತ ಕೆಲವರೇ ಹೇಳುತ್ತಾರೆ. ಫ್ಲೂ, ಕೊರೋನಾದಂಥ ವೈರಸ್‌ಗಳ ಮೇಲೆ ಕೊಬ್ಬಿನ ತೆಳು ಹೊದಿಕೆ ಇರುತ್ತದೆ. ಸೋಪು ಜಿಡ್ಡನ್ನು ಬಿಡಿಸುವ ಹಾಗೇ ಆ ಹೊದಿಕೆಯನ್ನು ಹರಿಯುತ್ತದೆ. ವೈರಸ್ ಕೆಲಸಕ್ಕೆ ಬಾರದ ಹಾಗೆ ಆಗುತ್ತದೆ. ಶೇಕಡಾ 60 ಅಥವಾ ಅದಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಕೂಡ ಇದನ್ನು ಮಾಡುತ್ತದೆ. ಆದರೆ ವಾಂತಿ ಭೇದಿ ತರುವ ನೊರೋವೈರಸ್‌ಗೆ ಆ ಹೊದಿಕೆಯೇ ಇಲ್ಲ. ಅದರ ಮುಂದೆ ಸ್ಯಾನಿಟೈಸರ್ ಸೋಲುತ್ತದೆ. ಸೋಪು, ಹರಿಯುವ ನೀರು, 20 ಸೆಕೆಂಡಿನ ಉಜ್ಜಾಟದಿಂದ ಅದನ್ನು ಕೈಯಿಂದ ಜಾರಿಸಿಯೇ ಕಳಿಸಬೇಕು. ಹೆಚ್ಚಿನವರು ಮರೆಯುವುದು ಹೆಬ್ಬೆರಳನ್ನು, ಉಗುರಿನ ಸಂದಿಯನ್ನು.

ಇದನ್ನು ಮನೆಮಂದಿಗೆ ಹೇಳಿದರೆ ಸಿಡುಕುತ್ತಾರೆ, ಗೊತ್ತು. 1847ರಲ್ಲಿ ವಿಯೆನ್ನಾದ ಒಂದು ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕೈ ತೊಳೆದು ಒಳಗೆ ಬನ್ನಿ ಅಂತ ಡಾಕ್ಟರುಗಳಿಗೇ ಹೇಳಿದರು. ಬಾಣಂತಿಯರ ಸಾವು ಇಳಿಯಿತು, ಆದರೂ ಹಲವು ವೈದ್ಯರು ಅವರ ಮಾತನ್ನು ಒಪ್ಪಲಿಲ್ಲ. ಅದು ವೈರಸ್ ಕಾಯಿಲೆ ಅಲ್ಲ ಬಿಡಿ. ಆದರೆ ನಿಮ್ಮ ಮಗ ಮುಖ ಸಿಂಡರಿಸಿದಾಗ ನೆನಪಿಗೆ ಬರಲಿ ಅಂತ ಹೇಳಿದೆ.

ಬ್ಲೀಚ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಬಾಟಲಿಯ ಮೇಲೆ ಶೇಕಡಾ 5 ಅಂತ ಇದ್ದರೆ, ಒಂದು ಲೀಟರ್ ತಣ್ಣೀರಿಗೆ 20 ಮಿಲಿ, ಅಂದರೆ 4 ಟೀ ಚಮಚ. ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚಿನ ಮೇಲೆ ಒರೆಸಲು ಅಷ್ಟು ಸಾಕು. ಸ್ವಿಚ್ಚಿಗೆ ನೀರು ಸುರಿಯಬೇಡಿ, ಬಟ್ಟೆ ಹಿಂಡಿ ಒರೆಸಿ. ವಾಂತಿ ಅಥವಾ ರಕ್ತ ಬಿದ್ದ ಜಾಗಕ್ಕೆ ಗಟ್ಟಿ ಬೇಕು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಮೊದಲು ಕಾಗದದಿಂದ ಗಲೀಜು ತೆಗೆದು, ಆಮೇಲೆ ಸುರಿದು, ಹತ್ತು ನಿಮಿಷ ಬಿಟ್ಟು ಒರೆಸಿ. ಗಲೀಜಿನ ಮೇಲೇ ಸುರಿದರೆ ಅದರ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಕಲಸಿದ ನೀರನ್ನು ಮರುದಿನಕ್ಕೆ ಇಡಬೇಡಿ.

ಪೆಟ್ಟು ತಿಂದದ್ದು ಹೇಗೆ ಅಂದರೆ, ಎರಡು ಹಾಕಿದರೆ ಎರಡು ಪಟ್ಟು ಕ್ಲೀನ್ ಆಗುತ್ತದೆ ಅಂತ ಬಚ್ಚಲಿನಲ್ಲಿ ಬ್ಲೀಚಿನ ಮೇಲೆ ಆಸಿಡ್ ಸುರಿದೆ. ಎದ್ದ ಹೊಗೆಗೆ ಎದೆ ಉರಿದು ಹೋಯಿತು. ಅದು ಕ್ಲೋರಿನ್ ಅನಿಲ. ಓಡಿ ಹೊರಗೆ ಬಂದೆ, ಸಂಜೆಯವರೆಗೂ ಕೆಮ್ಮು. ಬ್ಲೀಚನ್ನು ನೀರಿನ ಹೊರತು ಬೇರೆ ಯಾವುದರ ಜೊತೆಗೂ ಬೆರೆಸಬೇಡಿ. ಮನುಷ್ಯರ ಮೈಮೇಲೂ ಸಿಂಪಡಿಸಬೇಡಿ. ಕಣ್ಣು, ಚರ್ಮ ಉರಿಯುತ್ತದೆ ಅಷ್ಟೆ, ಮೈಯೊಳಗಿನ ವೈರಸ್‌ಗೆ ಏನೂ ಆಗುವುದಿಲ್ಲ.

ಇನ್ನು ಜ್ವರ ಮನೆಗೆ ಬರುವ ಮೊದಲೇ ಮಾಡುವ ಕೆಲಸ. ಒಂದು ಡಬ್ಬದಲ್ಲಿ ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್, ಕೆಲವು ಮಾಸ್ಕ್. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಕನಿಷ್ಠ ಎರಡು ವಾರದ ಮಾತ್ರೆ ಕೈಯಲ್ಲಿರಲಿ. ಯಾರಿಗಾದರೂ ಜ್ವರ ಬಂದರೆ ಯಾವ ಕೋಣೆ, ಯಾರು ನೋಡಿಕೊಳ್ಳುವುದು, ಮಕ್ಕಳು ಯಾರ ಜೊತೆ ಮಲಗುವುದು, ಇದನ್ನು ಊಟಕ್ಕೆ ಕೂತಾಗಲೇ ಮಾತಾಡಿ ಮುಗಿಸಿ. ನೋಡಿಕೊಳ್ಳಲು ಒಬ್ಬರೇ ಸಾಕು. ಪ್ರೀತಿಯಿಂದ ಐದು ಜನ ಒಳಗೆ ಹೋದರೆ ಐದು ಜನರೂ ಮಲಗುತ್ತಾರೆ. ಗರ್ಭಿಣಿ, ವಯಸ್ಸಾದವರು ಆ ಕೆಲಸಕ್ಕೆ ಬೇಡ. ಸಾಮಾನು ಎರಡು ವಾರಕ್ಕಾಗುವಷ್ಟು ಸಾಕು. 2020ರಲ್ಲಿ ಎಷ್ಟೋ ದೇಶಗಳಲ್ಲಿ ಟಾಯ್ಲೆಟ್ ಪೇಪರಿನ ಕಪಾಟು ಖಾಲಿಯಾಯಿತು. ಕೊರೋನಾಕ್ಕೂ ಅದಕ್ಕೂ ಏನು ಸಂಬಂಧ ಹೇಳಿ. ಪಕ್ಕದವರು ಕೊಂಡರು ಅಂತ ಇವರು ಕೊಂಡರು, ಅಷ್ಟೆ.

ಜ್ವರ ಬಂತು ಅಂದುಕೊಳ್ಳಿ. ಮೊದಲು ಒಂದು ನೋಟ್‌ಬುಕ್ ತೆಗೆಯಿರಿ. ಗಂಟೆ, ಜ್ವರ ಎಷ್ಟು, ಎಷ್ಟು ಲೋಟ ನೀರು ಕುಡಿದರು, ಮೂತ್ರಕ್ಕೆ ಹೋದರಾ, ಯಾವ ಮಾತ್ರೆ ಕೊಟ್ಟಿರಿ, ಎಲ್ಲ ಬರೆಯಿರಿ. ನಮ್ಮ ಮನೆಯಲ್ಲಿ ಒಂದು ರಾತ್ರಿ ನಾನು ಯಜಮಾನರಿಗೆ ಮಾತ್ರೆ ಕೊಟ್ಟು ಮಲಗಿದೆ. ಅರ್ಧ ಗಂಟೆಯಲ್ಲಿ ಮಗಳು ಬಂದು ಇನ್ನೊಂದು ಕೊಡಲು ಹೋದಳು. ಅವರಿಗೋ ಮಂಪರು, ಕೊಟ್ಟರೆ ನುಂಗುತ್ತಿದ್ದರು. ಅವತ್ತಿನಿಂದ ಪುಸ್ತಕ ನೋಡದೆ ಮಾತ್ರೆ ಇಲ್ಲ. ದೊಡ್ಡವರಿಗೆ ಪ್ಯಾರಾಸಿಟಮಾಲ್ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ, ಅದೂ ಕನಿಷ್ಠ ನಾಲ್ಕು ಗಂಟೆ ಬಿಟ್ಟು ಬಿಟ್ಟು. ಲಿವರ್ ತೊಂದರೆ ಇದ್ದವರು, ತೂಕ ತೀರಾ ಕಡಿಮೆ ಇರುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ. ನೆಗಡಿ ಮಾತ್ರೆಗಳಲ್ಲೂ ಹಲವು ಸಲ ಅದೇ ಔಷಧಿ ಸೇರಿರುತ್ತದೆ. ಪಟ್ಟಿಯ ಹಿಂಭಾಗ ಓದಿ, ಎರಡನ್ನೂ ಕೂಡಿಸಿ ಲೆಕ್ಕ ಹಾಕಿ.

ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಬೇಡವೇ ಬೇಡ. ಮಿದುಳಿಗೂ ಲಿವರ್‌ಗೂ ತಾಗುವ ರೇ ಸಿಂಡ್ರೋಮ್ ಎಂಬ ಕಾಯಿಲೆ ಅದರಿಂದ ಬರಬಹುದು. ಡೆಂಗಿ ಅನುಮಾನ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಎರಡೂ ಬೇಡ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಹೋದ ಸಲ ಉಳಿದ ಆಂಟಿಬಯೋಟಿಕ್ ಇದೆ ಅಂತ ತೆಗೆದುಕೊಡಬೇಡಿ. ಅದು ಬ್ಯಾಕ್ಟೀರಿಯಾಕ್ಕೆ, ವೈರಸ್‌ಗಲ್ಲ. ಆವಿ ತೆಗೆದುಕೊಳ್ಳುವುದು ಹಾಯೆನಿಸಬಹುದು, ಆದರೆ ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಬೇಡಿ. ಅದರಿಂದ ಸುಟ್ಟುಕೊಂಡ ಮಕ್ಕಳು ಎಷ್ಟೋ.

ವಾಂತಿ ಭೇದಿ ಆದಾಗ ಓಆರ್‌ಎಸ್ ಪ್ಯಾಕೆಟ್ ಸಿಗದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕೈ ಜಾರಿ ಜಾಸ್ತಿ ಬೀಳಬಾರದು. ವಾಂತಿ ಆದ ತಕ್ಷಣ ಲೋಟ ಹಿಡಿಯಬೇಡಿ, ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ.

ಬಟ್ಟೆಗೆ ಸೋಪು, ಬಿಸಿಲು. ಒಗೆಯುವ ಮೊದಲು ಝಾಡಿಸಬೇಡಿ. ಪಾತ್ರೆಗೂ ಸೋಪೇ ಸಾಕು.

ಯಾವಾಗ ಆಸ್ಪತ್ರೆಗೆ ಓಡಬೇಕು? ಮಾತು ಮುಗಿಸುವಷ್ಟರಲ್ಲಿ ಏದುಸಿರು ಬಂದರೆ, ಎದೆ ಹಿಡಿದರೆ, ತುಟಿ ನೀಲಿಯಾದರೆ, ತಡಬಡಿಸಿ ಮಾತಾಡಿದರೆ, ಎಬ್ಬಿಸಿದರೂ ಏಳದಿದ್ದರೆ, ಮಗು ಎಂಟು ಗಂಟೆ ಮೂತ್ರ ಮಾಡದಿದ್ದರೆ ಕಾಯಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಅದೊಂದೇ ಸಾಕು ಹೊರಡಲು. ಡೆಂಗಿಯದು ಇನ್ನೊಂದು ಮೋಸ. ಜ್ವರ ಇಳಿಯಿತು ಅಂತ ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯ ಶುರುವಾಗುತ್ತದೆ. ಜ್ವರ ಇಳಿದ ಮೇಲಿನ ಒಂದೆರಡು ದಿನ ಹೊಟ್ಟೆ ನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಇದೆಯಾ ಅಂತ ಕಣ್ಣಿಟ್ಟು ನೋಡಿ.

ನಮ್ಮ ಯಜಮಾನರಿಗೆ ಕೊರೋನಾ ಬಂದಾಗ "ನಂಗೇನೂ ಆಗಿಲ್ಲ" ಅಂತ ಪೇಪರ್ ಓದುತ್ತಾ ಕೂತಿದ್ದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 91. ಆರಾಮಾಗಿದ್ದವರಿಗೆ 95ರ ಮೇಲೆ ಇರಬೇಕು. ಆ ಕಾಯಿಲೆಯಲ್ಲಿ ಆಮ್ಲಜನಕ ಇಳಿದರೂ ಕೆಲವರಿಗೆ ಉಬ್ಬಸ ಗೊತ್ತಾಗುವುದಿಲ್ಲ. ಬೈದು ಕರೆದುಕೊಂಡು ಹೋದೆವು, ಒಂದು ವಾರ ಇದ್ದು ಬಂದರು. ಅಳೆಯುವಾಗ ಐದು ನಿಮಿಷ ಸುಮ್ಮನೆ ಕೂರಿಸಿ, ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣ ಇರಬಾರದು. ಚರ್ಮ ಕಪ್ಪಗಿದ್ದರೆ ಇದು ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಹಾಗಾಗಿ ಅಂಚಿನಲ್ಲಿರುವ ಸಂಖ್ಯೆಯನ್ನು ನಂಬಿ ಕೂರಬೇಡಿ.

ಫೋನಿನಲ್ಲಿ ಬರುವ ಸುದ್ದಿ ಇನ್ನೊಂದು ಸೋಂಕು. 2020ರಲ್ಲಿ ಮದ್ಯ ಕುಡಿದರೆ ಕೊರೋನಾ ಸಾಯುತ್ತದೆ ಅಂತ ನಂಬಿ ಇರಾನಿನಲ್ಲಿ ಮೆಥನಾಲ್ ಸೇರಿದ್ದನ್ನು ಕುಡಿದು ನೂರಾರು ಜನ ಸತ್ತರು. ಬ್ರಿಟನ್ನಿನಲ್ಲಿ 5ಜಿಯಿಂದ ಕೊರೋನಾ ಹರಡುತ್ತದೆ ಅಂತ ನಂಬಿ ಮೊಬೈಲ್ ಟವರುಗಳಿಗೆ ಬೆಂಕಿ ಇಟ್ಟರು. ನಾನು ಮಾಡುವುದಿಷ್ಟೆ. ಹೇಳಿದವರು ಯಾರು, ಯಾವಾಗ ಹೇಳಿದ್ದು, ಯಾವ ಕಾಯಿಲೆಗೆ ಹೇಳಿದ್ದು ಅಂತ ನೋಡುತ್ತೇನೆ. ಮೂರರಲ್ಲಿ ಒಂದಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳಿಸುವುದಿಲ್ಲ. ಇನ್ನು ಸರ್ಕಾರ, ಡಾಕ್ಟರು ಮಾತು ಬದಲಿಸಿದರು ಅಂತ ಸಿಟ್ಟು. ಆ ವರ್ಷದ ಮೊದಲಿಗೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರೆಲ್ಲ ಮಾಸ್ಕ್ ಹಾಕಬೇಕಿಲ್ಲ ಅಂದಿತು, ಜೂನ್‌ನಲ್ಲಿ ಜನ ಸೇರುವ ಕಡೆ ಹಾಕಿ ಅಂದಿತು. ಹೊಸ ಕಾಯಿಲೆಯಲ್ಲಿ ಹಾಗಾಗುತ್ತದೆ. ನನಗೆ ಕೋಪ ಬರುವುದು ಬದಲಿಸಿದ್ದಕ್ಕಲ್ಲ, ಏಕೆ ಬದಲಿಸಿದೆವು ಅಂತ ಸರಿಯಾಗಿ ಬಿಡಿಸಿ ಹೇಳದಿದ್ದಕ್ಕೆ.

ಕಾಯಿಲೆ ಬಂದವರನ್ನು ಅಪರಾಧಿಗಳ ಹಾಗೆ ನೋಡಿದರೆ ಮುಂದಿನವರು ಜ್ವರ ಮುಚ್ಚಿಡುತ್ತಾರೆ. ಆಗ ನಷ್ಟ ಎಲ್ಲರಿಗೂ. ಪಕ್ಕದಲ್ಲಿ ಒಂಟಿಯಾಗಿ ಇರುವ ವಯಸ್ಸಾದವರಿಗೆ "ಏನಾದರೂ ಬೇಕಾ?" ಅಂತ ಕೇಳಬೇಡಿ, ಏನೂ ಬೇಡ ಅಂತಾರೆ. ನಾನೂ ಹಾಗೇ ಅನ್ನುತ್ತೇನೆ. "ಔಷಧಿ ಅಂಗಡಿಗೆ ಹೊರಟಿದ್ದೀನಿ, ನಿಮ್ಮ ಚೀಟಿ ಕೊಡಿ" ಅನ್ನಿ, ಕೊಡುತ್ತಾರೆ. ಬೆಳಗ್ಗೆ ಇಷ್ಟು ಗಂಟೆಗೆ ಫೋನ್ ಮಾಡುತ್ತೇನೆ ಅಂತ ಹೇಳಿ, ಅದೇ ಹೊತ್ತಿಗೆ ಮಾಡಿ. ಎತ್ತದಿದ್ದರೆ ಬಾಗಿಲು ತಟ್ಟಬೇಕು ಅಂತ ನಿಮಗೆ ಗೊತ್ತಾಗುತ್ತದೆ.

ಮಕ್ಕಳಿಗೆ ಸುಳ್ಳು ಹೇಳಬೇಡಿ, ಒಂದು ಕೆಲಸ ಕೊಡಿ. ನಮ್ಮ ಮೊಮ್ಮಗಳು ಕಿಟಕಿ ಅಧಿಕಾರಿ. ಗಂಟೆಗೊಮ್ಮೆ ಬಂದು "ಅಜ್ಜಿ, ಮುಚ್ಚಿದ್ದೀರಾ?" ಅಂತ ಗದರುತ್ತಾಳೆ. ಹೋದ ತಿಂಗಳು ಅವಳಿಗೇ ಜ್ವರ ಬಂತು. ಡಬ್ಬ ತೆಗೆದರೆ ಥರ್ಮಾಮೀಟರಿನ ಸೆಲ್ ಸತ್ತಿತ್ತು. ಇಷ್ಟುದ್ದ ಉಪದೇಶ ಮಾಡುವವಳ ಮನೆಯಲ್ಲೇ ಹೀಗೆ. ನಿಮ್ಮದನ್ನೂ ಒಮ್ಮೆ ಒತ್ತಿ ನೋಡಿ.