ವಾರಕ್ಕೊಂದು ತಿರುಗಾಟ, ಮಧ್ಯಾಹ್ನದ ಊಟ ಮುಗಿಸಿ

ನಮ್ಮಲ್ಲಿ ಟೂರ್ ಅಂದರೆ ಡಿಸೆಂಬರ್ ರಜೆ, ಬಾಡಿಗೆ ಟೆಂಪೋ, ಹಿಂದಿನ ದಿನದಿಂದಲೇ ಗಡಿಬಿಡಿ. ಅದು ವರ್ಷಕ್ಕೊಮ್ಮೆ ಕೂಡಿ ಬಂದರೆ ಪುಣ್ಯ. ಭಾನುವಾರ ಊಟ ಮುಗಿಸಿ ಮೂರಕ್ಕೆ ಹೊರಟು, ರಾತ್ರಿ ಊಟಕ್ಕೆ ಮನೆ ಸೇರುವ ತಿರುಗಾಟ ಮಾತ್ರ ಪ್ರತಿ ವಾರವೂ ಆಗುತ್ತದೆ. ಮಂಗಳೂರು, ಉಡುಪಿಯಲ್ಲಿ ಇರುವವರಿಗಂತೂ ಕಡಲು, ಹೊಳೆ, ಬಸದಿ ಎಲ್ಲ ಹತ್ತಿರವೇ.

ಮೊದಲು ಹೊತ್ತು, ಆಮೇಲೆ ಜಾಗ

ವಾಟ್ಸ್ಆ್ಯಪ್ ಗ್ರೂಪಿನಲ್ಲಿ "ಎಲ್ಲಿಗೆ ಹೋಗೋಣ?" ಎಂದು ಕೇಳಿದಿರೋ, ಕೆಲಸ ಕೆಟ್ಟಿತು. ಒಬ್ಬರು ಕುದುರೆಮುಖ ಅಂತಾರೆ, ಇನ್ನೊಬ್ಬರು ಕೊಡಚಾದ್ರಿ. ಬುಧವಾರದ ಹೊತ್ತಿಗೆ ಗ್ರೂಪ್ ತಣ್ಣಗಾಗಿರುತ್ತದೆ. ಅದಕ್ಕೆ ದಿನ, ಹೊತ್ತು ಎರಡನ್ನೂ ಮೊದಲೇ ಗಟ್ಟಿ ಮಾಡಿ. ಜಾಗ ಆರಿಸುವ ಸರದಿ ವಾರಕ್ಕೊಬ್ಬರದು. ಆರಿಸಿದವರೇ ಬಸ್ಸು, ಬಾಗಿಲು ಮುಚ್ಚುವ ಹೊತ್ತು ಎಲ್ಲ ವಿಚಾರಿಸಬೇಕು. ಅಜ್ಜಿಯ ಸರದಿಗೆ ದೇವಸ್ಥಾನವೇ ಬಂದೀತು, ಬರಲಿ. ಮಂಗಳೂರಿನ ಕದ್ರಿ ದೇವಸ್ಥಾನದ ಮೇಲ್ಗಡೆ ಕೆರೆಗಳೂ ಇವೆಯಲ್ಲ. ದಾರಿ ಒಂದು ಗಂಟೆಗಿಂತ ಜಾಸ್ತಿ ಬೇಡ. ಇಬ್ಬರೇ ಆದರೂ ಹೊರಟುಬಿಡಿ, ಉಳಿದವರು ಮುಂದಿನ ವಾರ ತಾವಾಗಿ ಬರುತ್ತಾರೆ.

ಒಂದಾದರೂ ಹೊಸತಿರಲಿ

ಪಣಂಬೂರಿನ ಕಡಲತೀರಕ್ಕೆ ಹೋಗಿ ಚುರುಮುರಿ ತಿಂದು ಬರುವುದು ಯಾರಿಗೆ ಗೊತ್ತಿಲ್ಲ? ಗೊತ್ತಿರುವ ಜಾಗಕ್ಕೇ ಬೇರೆ ದಾರಿಯಲ್ಲಿ ಹೋಗಿ ನೋಡಿ. ತಣ್ಣೀರುಬಾವಿಯ ಕಡಲತೀರಕ್ಕೆ ಕಾರಿನಲ್ಲಿ ಕೂಳೂರು ಸುತ್ತಿ ಹೋಗುವ ಬದಲು, ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಇಳಿದು ದೋಣಿ ಹತ್ತಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಕೋಟೆ ಅಲ್ಲೇ ಇದೆ. ಅದರ ಕಿಂಡಿಗಳಿಂದ ಮಕ್ಕಳು ಹೊಳೆ ನೋಡಲಿ. ಗುರುಪುರ ಹೊಳೆ ದಾಟಲು ಕೆಲವೇ ನಿಮಿಷ ಸಾಕು. ಆಚೆ ಇಳಿದು ನಡೆದರೆ ಕಡಲು. ಇಳಿಯುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಟ್ಟುಕೊಳ್ಳಿ, ಮರೆತರೆ ಅದೇ ಕೂಳೂರು ಸುತ್ತಬೇಕು!

ಉಡುಪಿ ಕಡೆಯವರಿಗೆ ಕೆಮ್ಮಣ್ಣಿನ ತೂಗುಸೇತುವೆ ಇದೆ, 1901ರ ಕಾಪು ದೀಪಸ್ತಂಭ ಇದೆ. ದೀಪಸ್ತಂಭ ಹತ್ತಲು ಸಂಜೆ ಹೊತ್ತು ಬಿಡುತ್ತಾರೆ.

ಕಡಲಿಗಾದರೆ ಇಳಿತ ನೋಡಿ

ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಇಳಿತದ ಹೊತ್ತಿಗೆ ಕಾಪು, ಸೋಮೇಶ್ವರದ ಬಂಡೆಗಳ ನಡುವೆ ಸಣ್ಣ ಸಣ್ಣ ನೀರಿನ ಗುಂಡಿಗಳು ಉಳಿಯುತ್ತವೆ. ಬಗ್ಗಿ ನೋಡಿದರೆ ಏಡಿ, ಬೆರಳುದ್ದದ ಮೀನು, ಕಲ್ಲಿಗಂಟಿದ ಚಿಪ್ಪು. ಒದ್ದೆ ಮರಳಿನ ಮೇಲೆ ಪುಟಾಣಿ ಏಡಿಗಳು ಒಳ್ಳೆಮೆಣಸಿನ ಕಾಳಿನಷ್ಟು ಮರಳುಂಡೆ ಕಟ್ಟಿ ಸಾಲಾಗಿ ಇಟ್ಟಿರುತ್ತವೆ. ಉಬ್ಬರದಲ್ಲಿ ಹೋದರೆ ಇದೊಂದೂ ಕಾಣುವುದಿಲ್ಲ.

ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಭಾನುವಾರ ಐದಕ್ಕೆ ಇಳಿತವಾದರೆ, ಬರುವ ಭಾನುವಾರ ಅದೇ ಹೊತ್ತಿಗೆ ಉಬ್ಬರ, ಅದರಾಚೆ ವಾರ ಮತ್ತೆ ಇಳಿತ. ಒಂದು ವಾರ ಕಡಲು, ಒಂದು ವಾರ ಬೇರೆ ಕಡೆ ಎಂದಿಟ್ಟುಕೊಂಡರೆ ಲೆಕ್ಕ ಸರಿಹೋಯಿತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಕೆಳಗಿಳಿಯುತ್ತದೆ. ಹೊತ್ತು ಮೊಬೈಲಿನಲ್ಲಿ ಸಿಗುತ್ತದೆ, ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ಬಂಡೆ ಮೇಲೆ ಪಾಚಿ ಇರುತ್ತದೆ, ಜಾಗ್ರತೆ. ನೀರು ಏರತೊಡಗಿದರೆ ಎದ್ದು ಬನ್ನಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಆಗ ಇರುವುದಿಲ್ಲ.

ಮಳೆಗಾಲಕ್ಕೆ

ಜೋರು ಮಳೆಯಲ್ಲಿ ಜಲಪಾತದ ಬುಡಕ್ಕೆ ಹೋಗುವುದು ಸಾಹಸವಲ್ಲ, ಹುಚ್ಚಾಟ. ಮೂಡುಬಿದಿರೆಗೆ ಹೋಗಿ. 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂಬ ಮಾತಿದೆ. ನಿಜವೋ ಸುಳ್ಳೋ ಮಕ್ಕಳೇ ಹುಡುಕಲಿ, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಾರ್ಕಳದ ಗೊಮ್ಮಟನನ್ನೂ ಅದೇ ದಿನ ಮುಗಿಸುವ ಆಸೆ ಬೇಡ. 1432ರಿಂದ ನಿಂತವನು, ಇನ್ನೊಂದು ವಾರ ಕಾಯುತ್ತಾನೆ.

ಆಟದ ದಿನ

ನವೆಂಬರ್‌ನಿಂದ ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಯಕ್ಷಗಾನ ಮೇಳಗಳ ತಿರುಗಾಟ. ಆಟ (ಯಕ್ಷಗಾನ) ನೋಡುವ ದಿನ ಮಾತ್ರ ಹೊರಡುವುದು ಸಂಜೆ. ರಾತ್ರಿಯಿಡೀ ನಡೆಯದ ಕಾಲಮಿತಿ ಆಟವಾದರೆ ಮಧ್ಯರಾತ್ರಿ ಹೊತ್ತಿಗೆ ಮನೆಗೆ ಬರಬಹುದು. ಸ್ವಲ್ಪ ಬೇಗ ಹೋಗಿ ವೇಷ ಕಟ್ಟುವ ಚೌಕಿಗೊಂದು ಸುತ್ತು ಹಾಕಿ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಮುಖಕ್ಕೆ ಚುಕ್ಕಿ ಚುಕ್ಕಿಯಾಗಿ ಇಡುವುದನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಅಲ್ಲಿ ಮಾತು ಕಡಿಮೆ ಇರಲಿ. ಚಪ್ಪಲಿ ಹೊರಗೆ.

ಚೀಲ, ಖರ್ಚು

ನೀರು, ಒಂದು ಬೈರಾಸು (ಟವೆಲ್), ಟಾರ್ಚು, ಚಿಕ್ಕವರಿಗೆ ಒಂದು ಜೊತೆ ಬಟ್ಟೆ, ದೋಣಿಗೆ ಚಿಲ್ಲರೆ. ತಿಂಡಿ ಕಟ್ಟಬೇಡಿ, ಅಡುಗೆಮನೆಯವರಿಗೂ ಅದು ಭಾನುವಾರ ಅಲ್ವಾ? ದಾರಿಯಲ್ಲಿ ಬಿಸಿ ಗೋಳಿಬಜೆ ಸಿಗದ ಊರು ನಮ್ಮಲ್ಲಿಲ್ಲ. ಸ್ನೇಹಿತರ ಮನೆಯವರೂ ಸೇರಿದರೆ ಒಬ್ಬರೇ ದುಡ್ಡು ಕೊಟ್ಟು, ಅವತ್ತೇ ಲೆಕ್ಕ ಮುಗಿಸಿ.

ಮುಂದಿನ ಸರದಿ ಯಾರದೆಂದು ವಾಪಸ್ ಬರುವ ಬಸ್ಸಿನಲ್ಲೇ ತೀರ್ಮಾನಿಸಿ. ಮನೆ ಸೇರಿದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ.