ಸ್ವಯಂಸೇವಾ ವ್ಯಾಕ್ಯೂಮ್‌ಗಳನ್ನು ಕಳ್ಳರಿಂದ ಕಾಪಾಡಿಕೊಂಡ ಬಗೆ: ನನ್ನ ಅನುಭವ

ಹಾಸನದ ಹೊರವಲಯದಲ್ಲಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದಲ್ಲಿ ನಾನು ನಡೆಸುತ್ತಿರುವ ವಾಟರ್ ಸರ್ವಿಸ್‌ನ ಅಂಗಳದಲ್ಲಿ, ಗ್ರಾಹಕರೇ ಹಣ ಹಾಕಿ ಬಳಸಿಕೊಳ್ಳುವ ನಾಲ್ಕು ವ್ಯಾಕ್ಯೂಮ್ ಯಂತ್ರಗಳಿವೆ. ಶಿರಾಡಿ ಘಾಟಿ ಹತ್ತಿ ಬರುವ ಕಾರುಗಳ ಮ್ಯಾಟಿನಲ್ಲಿ ಕಡಲತೀರದ ಮರಳು, ಸಕಲೇಶಪುರದ ತೋಟಗಳಿಂದ ಬರುವ ಜೀಪುಗಳಲ್ಲಿ ಒಣಗಿದ ಕೆಮ್ಮಣ್ಣು ತುಂಬಿರುವುದರಿಂದ ಈ ಯಂತ್ರಗಳಿಗೆ ರಾತ್ರಿಯೂ ಗಿರಾಕಿಗಳಿರುತ್ತಾರೆ; ಕೆಲಸದವರು ಮನೆಗೆ ಹೋದ ಆ ಹೊತ್ತಿನಲ್ಲೇ ಕಳ್ಳರಿಗೂ ಅವಕಾಶ ಸಿಗುತ್ತದೆ. ಈ ವಿಚಾರದಲ್ಲಿ ಮೊದಲು ಹಾಕಿಕೊಳ್ಳಬೇಕಾದ ಲೆಕ್ಕವೊಂದಿದೆ. ಕೆಲವು ನೂರು ರೂಪಾಯಿಯ ಚಿಲ್ಲರೆಗಾಗಿ ಬಾಗಿಲನ್ನು ಹಾರೆಯಿಂದ ಮೀಟಿದರೆ ಬಾಗಿಲು, ಬೀಗ, ಟೈಮರ್, ನಾಣ್ಯ ಗುರುತಿಸುವ ಸಾಧನ ಎಲ್ಲವೂ ಒಟ್ಟಿಗೆ ಹಾಳಾಗುತ್ತವೆ, ರಿಪೇರಿಯಾಗುವವರೆಗೆ ಯಂತ್ರ ಸುಮ್ಮನೆ ನಿಂತಿರುತ್ತದೆ. ಕಳುವಾದದ್ದಕ್ಕಿಂತ ಮುರಿದದ್ದರ ಬೆಲೆಯೇ ಹೆಚ್ಚು. ಆದ್ದರಿಂದ ಒಡೆಯಲಾಗದ ಪೆಟ್ಟಿಗೆಗಾಗಿ ದುಡ್ಡು ಸುರಿಯುವುದಕ್ಕಿಂತ, ಒಡೆದರೂ ಏನೂ ಸಿಗುವುದಿಲ್ಲವೆಂದು ನೋಡಿದೊಡನೆ ತಿಳಿಯುವಂತೆ ಮಾಡುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮಲ್ಲಿ ಕತ್ತಲಾಗುವ ಮೊದಲೇ ನಾಣ್ಯದ ಡಬ್ಬಿಗಳನ್ನು ತೆಗೆದು ಒಳಗಿಡುತ್ತೇವೆ, ನಾಣ್ಯ ಹಾಕುವ ಸೀಳಿಗೆ ಒಂದು ತಗಡನ್ನು ಅಡ್ಡ ಸರಿಸುತ್ತೇವೆ, ಮತ್ತು ಡಬ್ಬಿ ಇದ್ದ ಗೂಡಿನ ಬಾಗಿಲನ್ನು ಬೇಕೆಂದೇ ತೆರೆದಿಡುತ್ತೇವೆ. ಮೇಲಿನ ಎಲ್‌ಇಡಿ ದೀಪದ ಬೆಳಕು ನೇರವಾಗಿ ಆ ಖಾಲಿ ಗೂಡಿನೊಳಗೆ ಬೀಳುತ್ತದೆ. ರಸ್ತೆಯಲ್ಲಿ ನಿಂತವರಿಗೂ ಅದು ಖಾಲಿಯೆಂದು ಕಾಣುತ್ತದೆ. ಇದಕ್ಕೆ ಟೈಮರ್ ಮತ್ತು ವಿದ್ಯುತ್ ಭಾಗಗಳು ಬೇರೆ ಗೂಡಿನಲ್ಲಿರಬೇಕು, ಇಲ್ಲದಿದ್ದರೆ ಇನ್ನೊಂದು ಅನಾಹುತವನ್ನು ಆಹ್ವಾನಿಸಿದಂತೆ. ರಾತ್ರಿ ಯಂತ್ರ ಯುಪಿಐ ಪಾವತಿಗೆ ಮಾತ್ರ ಓಡುತ್ತದೆ.

ಹಾಗೆಂದು ನಾಣ್ಯವನ್ನು ಪೂರ್ತಿ ಕೈಬಿಡಲು ನನಗೆ ಮನಸ್ಸಿಲ್ಲ. ಹತ್ತು ರೂಪಾಯಿಯ ನಾಣ್ಯದ ಎಲ್ಲ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದ್ದರೂ ಅದನ್ನು ತೆಗೆದುಕೊಳ್ಳಲು ಹಿಂಜರಿಯುವ ಅಂಗಡಿಗಳು ಇವೆ. ಹಾಗೆ ಉಳಿದ ನಾಣ್ಯಗಳು ನಮ್ಮ ಯಂತ್ರಕ್ಕೆ ಬರುತ್ತವೆ. ಈ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಅಳತೆಯನ್ನಷ್ಟೇ ನೋಡುವ ಅಗ್ಗದ ಸಾಧನಕ್ಕೆ ಅದೇ ಗಾತ್ರದ ಕಬ್ಬಿಣದ ವಾಷರ್ ಹಾಕಿದರೂ ಮೋಟಾರು ತಿರುಗುತ್ತದೆ. ಆದ್ದರಿಂದ ಲೋಹದ ಗುಣವನ್ನೂ ಅಳೆಯುವ ಸಾಧನವನ್ನೇ ಕೊಳ್ಳಬೇಕು, ಹಳೆಯ ಮತ್ತು ಹೊಸ ಟಂಕದ ನಾಣ್ಯಗಳನ್ನು ಬೆರೆಸಿ ಹಾಕಿ ಅದಕ್ಕೆ ಗುರುತು ಹಿಡಿಸಬೇಕು. ನಾಣ್ಯಕ್ಕೆ ದಾರ ಕಟ್ಟಿ ಮತ್ತೆ ಮತ್ತೆ ಇಳಿಬಿಡುವ ಉಪಾಯಕ್ಕೆ, ಒಂದೇ ಕಡೆಗೆ ಬಾಗುವ ಸಣ್ಣ ನಾಲಿಗೆಯೊಂದು ಹಾದಿಯಲ್ಲಿದ್ದರೆ ಸಾಕು.

ಬೀಗದ ವಿಷಯದಲ್ಲಿ ಯಾರಿಗೂ ರಿಯಾಯಿತಿ ಬೇಡ. ಯಂತ್ರ ಕಳುಹಿಸಿದ ಕಂಪನಿಯವರು ನಾಲ್ಕಕ್ಕೂ ಒಂದೇ ಕೀಲಿಯ ಬೀಗ ಹಾಕಿ ಕೊಟ್ಟಿದ್ದರು, ಮತ್ತು ಅವರು ಬೇರೆ ಊರಿಗೆ ಕೊಟ್ಟ ಯಂತ್ರವೂ ಅದೇ ಕೀಲಿಗೆ ತೆರೆದುಕೊಳ್ಳುತ್ತಿತ್ತು. ಅವನ್ನೆಲ್ಲ ತೆಗೆಸಿ, ಮೋಟಾರಿನ ಬಾಗಿಲಿಗೆ ಒಂದು, ಹಣದ ಗೂಡಿಗೆ ಇನ್ನೊಂದು ಕೀಲಿ ಮಾಡಿಸಿದೆ. ಫಿಲ್ಟರ್ ಬದಲಿಸುವ ಹುಡುಗನ ಕೈಯಲ್ಲಿ ಹಣದ ಕೀಲಿ ಇರಬಾರದು. ಇದು ಅವನನ್ನು ಅನುಮಾನಿಸುವ ಮಾತಲ್ಲ, ಹಣ ಕಡಿಮೆ ಬಂದ ದಿನ ಅನುಮಾನ ಅವನ ಮೇಲೆ ಹೋಗದಂತೆ ಕಾಪಾಡುವ ಮಾತು. ಇನ್ನು ಹಾರೆಯ ಕೆಲಸ ಶುರುವಾಗುವುದು ಬೀಗದಲ್ಲಲ್ಲ, ಬಾಗಿಲಿನ ಸಂದಿಯಲ್ಲಿ. ಸ್ಕ್ರೂಡ್ರೈವರಿನ ತುದಿ ಇಳಿಯುವಷ್ಟು ಸಂದಿಯಿದ್ದರೆ ಎಂಥ ಬೀಗವೂ ವ್ಯರ್ಥ. ವೆಲ್ಡಿಂಗ್ ಶಾಪಿನಲ್ಲಿ ದಪ್ಪ ಪಟ್ಟಿಯೊಂದನ್ನು ಸಂದಿಯ ಮೇಲೆ ಕವುಚುವಂತೆ ಬೆಸೆಸಿ, ಕೀಲುಗಳನ್ನು ಒಳಗಡೆಗೆ ಸರಿಸಿ, ಬೀಗದ ಕೊಂಡಿಗೆ ಕಟ್ಟರ್ ತಾಗದಂತೆ ಉಕ್ಕಿನ ಗವಸು ಹಾಕಿಸಿದೆವು. ಯಂತ್ರವನ್ನು ನೆಲಕ್ಕೆ ಹಿಡಿದಿರುವ ಬೋಲ್ಟುಗಳ ನಟ್ಟುಗಳೂ ಪೆಟ್ಟಿಗೆಯ ಒಳಗೇ ಇವೆ.

ಒಳಗಿನವರಿಂದ ಆಗಬಹುದಾದ ಸೋರಿಕೆಯನ್ನು ಹಿಡಿಯಲು ಕ್ಯಾಮೆರಾಕ್ಕಿಂತ ಒಂದು ಅವರ್ ಮೀಟರ್ ಹೆಚ್ಚು ಉಪಯುಕ್ತ. ಮೋಟಾರು ಓಡಿದಷ್ಟು ಹೊತ್ತು ಮಾತ್ರ ಅದು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಹತ್ತು ರೂಪಾಯಿಗೆ ಮೂರು ನಿಮಿಷವೆಂದರೆ ಒಂದು ಗಂಟೆಗೆ 200 ರೂಪಾಯಿ ಬಂದಿರಬೇಕು. ನಾಣ್ಯ ಮತ್ತು ಯುಪಿಐ ಎರಡನ್ನೂ ಕೂಡಿಸಿದ ಮೊತ್ತ ಈ ಲೆಕ್ಕಕ್ಕಿಂತ ತೀರ ಕಡಿಮೆಯಾದರೆ ವಾಷರ್, ದಾರ, ಕೀಲಿ ಈ ಮೂರರಲ್ಲಿ ಒಂದು ಕಾರಣವಿರುತ್ತದೆ. ದುರಸ್ತಿಗಾಗಿ ಓಡಿಸಿದ ನಿಮಿಷಗಳನ್ನು ಅಲ್ಲೇ ತೂಗುಹಾಕಿರುವ ಪುಸ್ತಕದಲ್ಲಿ ಬರೆದಿಡುತ್ತೇವೆ.

ಕ್ಯೂಆರ್ ಕೋಡಿನ ಮೇಲೆ ಬೇರೆಯವರ ಸ್ಟಿಕರ್ ಅಂಟಿಸುವ ಮೋಸ ಈಗ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಕೋಡು ಪಾಲಿಕಾರ್ಬೊನೇಟ್ ಹಾಳೆಯ ಹಿಂದೆ, ಬಾಗಿಲಿನ ಒಳಮುಖದಲ್ಲಿದೆ. ಮೇಲೆ ಏನನ್ನಾದರೂ ಅಂಟಿಸಿದರೆ ಉಗುರಿಗೇ ತಿಳಿಯುತ್ತದೆ. ಬೆಳಿಗ್ಗೆ ಅಂಗಳ ಗುಡಿಸುವಾಗಲೇ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡುತ್ತೇವೆ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತಾಮ್ರದ ಕಳ್ಳತನ. ಗುಜರಿಯಲ್ಲಿ ತಾಮ್ರಕ್ಕೆ ಒಳ್ಳೆಯ ಬೆಲೆಯಿರುವುದರಿಂದ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಪಟ್ಟಿಯನ್ನೇ ಕತ್ತರಿಸಿಕೊಂಡು ಹೋಗುವವರಿದ್ದಾರೆ. ಪಟ್ಟಿ ಹೋದ ಮೇಲೂ ಯಂತ್ರ ಎಂದಿನಂತೆ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಒಳಗಿನ ತಂತಿಯೊಂದು ಸವೆದು ಸ್ಟೀಲ್ ಮೈಗೆ ತಾಗಿದರೆ, ಕಾರು ತೊಳೆದ ಒದ್ದೆ ಕೈಯಲ್ಲಿ ಅದನ್ನು ಮುಟ್ಟಿದ ಗ್ರಾಹಕರ ಪ್ರಾಣಕ್ಕೇ ಅಪಾಯ. ನಾವು ತಾಮ್ರದ ಬದಲು ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಹಾಕಿಸಿ, ನೆಲದ ಮೇಲಿನ ಭಾಗವನ್ನು ಕಾಂಕ್ರೀಟಿನಲ್ಲಿ ಮುಚ್ಚಿಸಿದ್ದೇವೆ. ಪ್ರತಿ ಯಂತ್ರಕ್ಕೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದೊಡನೆ ತಾನೇ ಕಡಿದುಹಾಕುವ ಸ್ವಿಚ್ಚು ಇದೆ, ಮತ್ತು ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುವ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟಿಲ್ಲ.

ಕಸದ ಡಬ್ಬಿಗೂ ಕಳ್ಳರಿದ್ದಾರೆಂಬುದು ಈ ವ್ಯವಹಾರಕ್ಕೆ ಹೊಸಬರಾದವರಿಗೆ ಆಶ್ಚರ್ಯ ತರಬಹುದು. ಸೀಟಿನ ಸಂದಿಯ ಚಿಲ್ಲರೆ, ಓಲೆಯ ತಿರುಪು, ಮಕ್ಕಳ ಕಾಲ್ಗೆಜ್ಜೆ ಎಲ್ಲವೂ ಪೈಪಿನ ಮೂಲಕ ಅಲ್ಲಿಗೇ ಸೇರುತ್ತವೆ. ಒಂದು ಮುಂಜಾನೆ ಪಕ್ಕದ ಟೀ ಅಂಗಡಿಯವರು ಬಂದು, "ಸಾರ್, ರಾತ್ರಿ ಯಾರೋ ಇಬ್ಬರು ಟಾರ್ಚ್ ಹಾಕ್ಕೊಂಡು ನಿಮ್ಮ ಮಿಷಿನ್ ಕಸ ಕೆದಕ್ತಾ ಇದ್ರು" ಎಂದರು. ಹಣದ ಗೂಡನ್ನು ಅವರು ಮುಟ್ಟಿರಲಿಲ್ಲ. ಡಬ್ಬಿಯ ಕ್ಲಿಪ್ಪು ಮುರಿದಿತ್ತು, ರಬ್ಬರ್ ಸೀಲು ಹರಿದಿತ್ತು, ಫಿಲ್ಟರಿನ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಆ ಮೇಲೆ ಪೈಪಿನ ಬಾಯಿಗೆ ಸ್ಟೀಲ್ ಜಾಲರಿಯೊಂದನ್ನು ಕೂರಿಸಿದೆವು. ಮರಳು, ಮಣ್ಣು ಅದರೊಳಗಿಂದ ಹೋಗುತ್ತವೆ, ಉಂಗುರ ಹೋಗುವುದಿಲ್ಲ. ಗ್ರಾಹಕರು ಅಲ್ಲೇ ಕೈಹಾಕಿ ತೆಗೆದುಕೊಳ್ಳಬಹುದು. ಮುಸ್ಸಂಜೆಗೆ ಡಬ್ಬಿಯನ್ನು ಖಾಲಿ ಮಾಡುತ್ತೇವೆ, ಸಿಕ್ಕಿದ್ದನ್ನು ದಿನಾಂಕದೊಡನೆ ಬರೆದಿಟ್ಟು ಕೇಳಿಕೊಂಡು ಬಂದವರಿಗೆ ಕೊಡುತ್ತೇವೆ.

ಕ್ಯಾಮೆರಾಗಳ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಮಳೆಗಾಲದಲ್ಲಿ ಕ್ಯಾಮೆರಾದ ಸುತ್ತ ಹುಳುಗಳು ಮುತ್ತುತ್ತವೆ, ಅವುಗಳ ಬೆನ್ನಿಗೆ ಜೇಡ ಬಂದು ಗಾಜಿನ ಮುಂದೆ ಬಲೆ ಕಟ್ಟುತ್ತದೆ, ಕ್ಯಾಮೆರಾದ ಇನ್‌ಫ್ರಾರೆಡ್ ದೀಪಕ್ಕೆ ಹೊಳೆಯುವ ಆ ಎಳೆ ಗಾಳಿಗೆ ಅಲ್ಲಾಡಿದಾಗಲೆಲ್ಲ ಮೊಬೈಲಿಗೆ ಎಚ್ಚರಿಕೆ ಬರುತ್ತದೆ, ಕೊನೆಗೆ ನಿಜವಾದ ಎಚ್ಚರಿಕೆಯನ್ನೂ ನೋಡದೆ ಬಿಡುತ್ತೇವೆ. ಆ ದೀಪವನ್ನು ಆರಿಸಿ, ಕ್ಯಾಮೆರಾದಿಂದ ದೂರದಲ್ಲಿ ಬೇರೆ ದೀಪವಿಟ್ಟರೆ ಈ ಕಾಟ ಬಹಳಮಟ್ಟಿಗೆ ಕಡಿಮೆಯಾಗುತ್ತದೆ.

ದೂರು ಕೊಡುವಾಗ ವಿಡಿಯೊ ಒಂದೇ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅದನ್ನು ಸಾಕ್ಷ್ಯವಾಗಿ ಒಪ್ಪಿಸಲು, ಯಾವ ಸಾಧನದಲ್ಲಿ ದಾಖಲಾಯಿತೆಂದು ತಿಳಿಸುವ ಪ್ರಮಾಣಪತ್ರವೂ ಜೊತೆಗೆ ಬೇಕಾಗುತ್ತದೆ. ರೆಕಾರ್ಡರಿನ ಮಾದರಿ, ಸೀರಿಯಲ್ ನಂಬರುಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಠಾಣೆಯಲ್ಲಿ ಕೆಲಸ ಸುಲಭ. ಮೋಟಾರುಗಳ ನಂಬರುಗಳೂ ಅದೇ ಹಾಳೆಯಲ್ಲಿರಲಿ.

ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ಊರಿನಲ್ಲಿ ಹಗಲು ರಾತ್ರಿ ಹೊರಗಿನ ವಾಹನಗಳು ತುಂಬಿರುತ್ತವೆ. ಆ ದಿನಗಳಲ್ಲಿ ಎರಡು ಯಂತ್ರಗಳನ್ನಷ್ಟೇ ರಾತ್ರಿ ಓಡಲು ಬಿಟ್ಟು, ಉಳಿದೆರಡರ ಪೈಪು ಮತ್ತು ಮೂತಿಗಳನ್ನು ಕಳಚಿ ಒಳಗಿಟ್ಟು, ಅವುಗಳ ವಿದ್ಯುತ್ತನ್ನು ಆಫೀಸಿನ ಬೋರ್ಡಿನಲ್ಲೇ ತೆಗೆದುಬಿಡುತ್ತೇವೆ. ಓಡುವ ಎರಡರ ಹತ್ತಿರ ರಾತ್ರಿ ಪಾಳಿಗೆ ಒಬ್ಬರನ್ನು ಕೂರಿಸುತ್ತೇವೆ.